ಬೆಳೆಯುವ ಗ್ರಾಮಗಳೂ ಕೆರೆ ತೋಪುಗಳ ರಕ್ಷಣೆಯೂ

ಬೆಂಗಳೂರಿಗೆ ದಕ್ಷಿಣದಲ್ಲಿ, ಕನಕಪುರದ ರಸ್ತೆಯ ಮಗ್ಗುಲಲ್ಲಿರುವ ವಸಂತಪುರವು ಗುಡ್ಡದ ಮೇಲಿನ ವಸಂತವಲ್ಲಭರಾಯಸ್ವಾಮಿಯ ದೇವಾಲಯಕ್ಕೆ ಹೆಸರಾದ ಊರು. ಹೊಲಗದ್ದೆಗಳ ನಡುವೆ ಇದ್ದ ಈ ಗ್ರಾಮವು, 2007ರಲ್ಲಿ ಮಹಾನಗರಪಾಲಿಕೆಯು 110 ಹಳ್ಳಿಗಳನ್ನು ಸೇರಿಸಿಕೊಂಡು ವಿಸ್ತಾರಗೊಂಡ ತರುವಾಯ ನಗರದ ಒಂದು ವಾರ್ಡೆನಿಸಿತು. 2021ರ ಜನವರಿಯಲ್ಲಿ ಮೆಟ್ರೋ ರೈಲು ಎಲಚೇನಹಳ್ಳಿಯಿಂದ ರೇಷ್ಮೆ ಸಂಸ್ಥೆಯವರೆಗೆ ಮುಂದುವರಿಯಿತು. ಸುತ್ತಲಿನ ಹೊಲಗಳು ನಿವೇಶನಗಳಾದುವು.

ಊರು ಬೆಳೆಯುವುದು ದೋಷವಲ್ಲ. ರಸ್ತೆ, ಪಾಠಶಾಲೆ, ಹಾಲು ತರಕಾರಿಗಳಿಗೆ ಹತ್ತಿರದ ಪೇಟೆ, ಇವು ರೈತನಿಗೂ ಬೇಕಾದುವೇ. ಆದರೆ ಮೊದಲು ಮಾರಿ ಆಮೇಲೆ ಅಳೆಯುವ ಪದ್ಧತಿಯು ಹಾನಿಕರವಾದುದು.

ನಮ್ಮ ಸೀಮೆಯ ಕೆರೆಗಳು ಸರಪಣಿಯಂತೆ ಕಟ್ಟಲ್ಪಟ್ಟಿವೆ. ಮೇಲಿನ ಕೆರೆಯ ಕೋಡಿ ಬಿದ್ದ ನೀರು ರಾಜಕಾಲುವೆಯ ಮೂಲಕ ಕೆಳಗಿನ ಕೆರೆಗೆ ಸೇರುವುದು. ಒಬ್ಬನು ತನ್ನ ಎಲ್ಲೆಯಲ್ಲಿ ಕಾಲುವೆಯನ್ನು ಮುಚ್ಚಿದರೆ ಮೇಲೆ ಮನೆಗಳಿಗೆ ನೀರು ನುಗ್ಗುವುದು; ಕೆಳಗೆ ಕೆರೆ ಬತ್ತಿ, ಬಾವಿಗಳೂ ಕೊಳವೆಬಾವಿಗಳೂ ಇಂಗುವುವು. ಒಬ್ಬನ ಲಾಭಕ್ಕಾಗಿ ಹತ್ತು ಊರುಗಳು ದಂಡ ತೆರುವುವು.

ವಸಂತಪುರದ ನೆರೆಯ ತುರಹಳ್ಳಿಯ ಕಾಡನ್ನು ನೋಡಿರಿ. ನಾಲ್ಕೂ ಕಡೆ ಮನೆಗಳೆದ್ದರೂ ಅದು ಇಂದಿಗೂ ಉಳಿದಿದೆ. ಅದು ಅರಣ್ಯವೆಂದು ದಾಖಲೆಯಲ್ಲಿದ್ದುದು ಒಂದು ಕಾರಣ. 2021ರಲ್ಲಿ ಅಲ್ಲಿ ವೃಕ್ಷೋದ್ಯಾನವನ್ನು ಮಾಡುವ ಯೋಜನೆ ಹೊರಟಾಗ, ಕಾಡು ಕಾಡಾಗಿಯೇ ಇರಲೆಂದು ನಿವಾಸಿಗಳು ಪಟ್ಟುಹಿಡಿದು, ಅದು ಕೈಬಿಡಲ್ಪಟ್ಟುದು ಇನ್ನೊಂದು. ದಾಖಲೆ, ಜನರ ಎಚ್ಚರ, ಇವೆರಡೂ ಕೂಡಿದರೆ ಮಾತ್ರ ರಕ್ಷಣೆ.

ಇದೇ ರಸ್ತೆಯಲ್ಲಿ ಮುಂದೆ ಇರುವ ಕಗ್ಗಲೀಪುರ, ಸೋಮನಹಳ್ಳಿಗಳ ಕಡೆಯ ಗ್ರಾಮಮುಖ್ಯರೂ ಭೂಮಾಲೀಕರೂ ಈಗಲೇ ಮಾಡತಕ್ಕ ಕಾರ್ಯಗಳು ಕೆಲವಿವೆ. ಕೆರೆಯಂಗಳ, ಕಾಲುವೆ, ಗುಂಡುತೋಪು, ಗೋಮಾಳ, ಸಾರ್ವಜನಿಕ ಉಪಯೋಗದ ‘ಬಿ’ ಖರಾಬು, ಇವನ್ನು ಸರ್ವೆ ಮಾಡಿಸಿ ಕಲ್ಲು ನೆಡಿಸಬೇಕು. ಎಲ್ಲೆಯುದ್ದಕ್ಕೂ ಹೊಂಗೆ, ಬೇವು, ಹಿಪ್ಪೆಗಳನ್ನು ಹಾಕಿಸಿದರೆ ಗುರುತು ಅಳಿಯದು. ನೆರಳೂ ಹಸಿರುಗೊಬ್ಬರವೂ ದೊರೆಯುವುವು. ಮಳೆಗಾಲಕ್ಕೆ ಮೊದಲು ಕಾಲುವೆಯ ಹೂಳನ್ನು ತೆಗೆಸಬೇಕು. ಜಮೀನನ್ನು ನಿವೇಶನಕ್ಕೆ ಪರಿವರ್ತಿಸುವವರು ನೀರಿನ ದಾರಿಯನ್ನು ನಕ್ಷೆಯಲ್ಲಿ ತೋರಿಸಿದ ಹೊರತು ಗ್ರಾಮಸಭೆಯು ಸುಮ್ಮನಿರಕೂಡದು.

ಹೊಲವನ್ನು ಮಾರುವುದು ಒಡೆಯನ ಹಕ್ಕು. ಕೆರೆ ತೋಪುಗಳು ಯಾರೊಬ್ಬರ ಸ್ವತ್ತೂ ಅಲ್ಲ. ಅವನ್ನು ಇದ್ದಂತೆಯೇ ಮುಂದಿನವರ ಕೈಗೊಪ್ಪಿಸುವುದು ಮುಖ್ಯಸ್ಥರ ಕರ್ತವ್ಯವು.