ಹಳೆಯ ಬಂಡಿಗೆ ಬಂದ ಕರೆಯೋಲೆ



ಮನೆಗೆ ಹಸುವೊಂದನ್ನು ತರುವಾಗ ಹಲ್ಲು ನೋಡಿ, ಸುಳಿ ನೋಡಿ, ಮಾರುವವನನ್ನು ನಾಲ್ಕು ಮಾತು ಕೇಳಿ ತರುವುದು ನಮ್ಮ ಹಿರಿಯರ ಪದ್ಧತಿಯಾಗಿದ್ದಿತು. ಹಳೆಯ ಮೋಟಾರು ಬಂಡಿಯನ್ನು ಕೊಳ್ಳುವಾಗಲಾದರೋ ನಾವು ಬಣ್ಣವನ್ನೂ ಬೆಲೆಯನ್ನೂ ನೋಡಿ ತೃಪ್ತರಾಗುತ್ತೇವೆ. ಈ ವಿಷಯವಾಗಿ ನನಗೊದಗಿದ ಅನುಭವವೊಂದನ್ನು ಈ ತಿಂಗಳು ನಿಮ್ಮ ಮುಂದಿಡಬೇಕೆಂದಿದ್ದೇನೆ. ಅದು ನಡೆದದ್ದು ಅಮೆರಿಕದಲ್ಲಿ. ಆದರೆ ನಿಮ್ಮಲ್ಲಿ ಎಷ್ಟೋ ಮಂದಿಯ ಮಕ್ಕಳು ಅಲ್ಲಿರುವರು. ಎಷ್ಟೋ ಮಂದಿ ಬಾಣಂತನಕ್ಕೆಂದು ಅಲ್ಲಿಗೆ ಹೋಗಿಬರುವರು. ಆದುದರಿಂದ ಇದು ಪರದೇಶದ ಸುದ್ದಿಯಾದರೂ ಪರರ ಸುದ್ದಿಯಲ್ಲ.

ಕೆಲವು ವರ್ಷಗಳ ಹಿಂದೆ ಮಗಳ ಬಾಣಂತನಕ್ಕಾಗಿ ನಾನು ಹ್ಯೂಸ್ಟನ್ ನಗರಕ್ಕೆ ಹೋಗಿದ್ದೆನು. ಅಲ್ಲಿಯ ಬೇಸಿಗೆ ನಮ್ಮ ಮಂಗಳೂರಿನ ಬೇಸಿಗೆಯಂತೆಯೇ. ಬಿಸಿಲೂ ಉಂಟು, ಬೆವರೂ ಉಂಟು. ಕುಟುಂಬ ದೊಡ್ಡದಾಯಿತೆಂದು ಅಳಿಯಂದಿರು ಹಳೆಯ ಮಿನಿವ್ಯಾನೊಂದನ್ನು ಕೊಂಡಿದ್ದರು. ಏಳೆಂಟು ಮಂದಿ ಕೂರಬಹುದಾದ, ಪಕ್ಕದ ಬಾಗಿಲು ಸರಿದು ತೆರೆಯುವ ಈ ಬಗೆಯ ಬಂಡಿಯು 1983ರ ಕೊನೆಯಲ್ಲಿ ಕ್ರೈಸ್ಲರ್ ಕಂಪೆನಿಯಿಂದ ಪೇಟೆಗೆ ಬಂದಂದಿನಿಂದ ಆ ದೇಶದ ಸಂಸಾರಸ್ಥರಿಗೆ ಪ್ರಿಯವಾಯಿತು. ಮಗಳು ಕೂಸಿನೊಡನೆ ಹಿಂದೆ ಕೂರುವಳು. ಚಾಲಕನ ಪಕ್ಕದ ಆಸನ ನನ್ನದು. ಎರಡು ತಿಂಗಳು ಆಸ್ಪತ್ರೆಗೂ ಅಂಗಡಿಗೂ ದೇವಸ್ಥಾನಕ್ಕೂ ಹಾಗೆಯೇ ಓಡಾಡಿದೆವು.

ಒಂದು ದಿನ ಟೈರು ಬದಲಾಯಿಸಲು ಹೋದಾಗ ಅಲ್ಲಿಯ ಮುದುಕ ಮೆಕ್ಯಾನಿಕನು ಮುಂದಿನ ಗಾಜಿನ ಮೂಲೆಯಲ್ಲಿದ್ದ ಸಂಖ್ಯೆಯನ್ನು ಓದಿಕೊಂಡು ಒಳಕ್ಕೆ ಹೋದನು. ಹಿಂದಿರುಗಿ ಬಂದು ನನ್ನನ್ನು ನೋಡಿ, "ಅಮ್ಮನವರನ್ನು ಹಿಂದಿನ ಸಾಲಿನಲ್ಲಿ ಕೂರಿಸಿ, ಆ ಆಸನದ ಮುಂದಿನ ಏರ್‌ಬ್ಯಾಗು ಬದಲಾಗಬೇಕಾಗಿದೆ," ಎಂದನು. ತಯಾರಕರು ಪತ್ರ ಬರೆದು ಬಹುಕಾಲವಾಗಿತ್ತು. ಅದು ಹಿಂದಿನ ಯಜಮಾನನ ಹಳೆಯ ವಿಳಾಸಕ್ಕೆ ಹೋಗಿತ್ತು. ಬಂಡಿ ಕೈ ಬದಲಾಯಿಸಿತು. ಓಲೆಯು ಅದರ ಬೆನ್ನು ಹತ್ತಿ ಬರಲಿಲ್ಲ.

ಏರ್‌ಬ್ಯಾಗೆಂದರೆ ಡಿಕ್ಕಿಯಾದ ಕ್ಷಣದಲ್ಲಿ ಉಬ್ಬಿ ತಲೆಯನ್ನೂ ಎದೆಯನ್ನೂ ಕಾಪಾಡುವ ಚೀಲ. ಅದನ್ನು ಉಬ್ಬಿಸಲು ಲೋಹದ ಡಬ್ಬಿಯೊಳಗೆ ರಾಸಾಯನಿಕವೊಂದು ಉರಿದು ಅನಿಲವಾಗಬೇಕು. ಜಪಾನಿನ ತಕಾತ ಎಂಬ ಕಂಪೆನಿ ಇದಕ್ಕೆ ಅಮೋನಿಯಂ ನೈಟ್ರೇಟನ್ನು ಉಪಯೋಗಿಸಿತು. ವರ್ಷಗಟ್ಟಲೆ ಸೆಕೆಯನ್ನೂ ತೇವವನ್ನೂ ಉಂಡರೆ ಅದು ಕೆಡುವುದು. ಕೆಟ್ಟದ್ದು ಮಿತಿಮೀರಿದ ವೇಗದಿಂದ ಉರಿದು ಡಬ್ಬಿಯನ್ನೇ ಸಿಡಿಸುವುದು. ಲೋಹದ ಚೂರುಗಳು ಮುಖಕ್ಕೂ ಕತ್ತಿಗೂ ಹಾರುವುವು. ಅಮೆರಿಕದಲ್ಲಿ ಅನೇಕರು ಹೀಗೆ ಪ್ರಾಣ ಕಳೆದುಕೊಂಡರು. ಸುಮಾರು 6 ಕೋಟಿ 70 ಲಕ್ಷ ಚೀಲಗಳನ್ನು ಹಿಂದಕ್ಕೆ ಕರೆಯಬೇಕಾಯಿತು. ಕಂಪೆನಿಯು 2017ರಲ್ಲಿ ದಿವಾಳಿಯಾಯಿತು. ಬಂಡಿ ಹಳೆಯದಾದಷ್ಟೂ, ಊರು ಸೆಕೆಯದಾದಷ್ಟೂ ಅಪಾಯ ಹೆಚ್ಚು. ನಾನು ಕುಳಿತಿದ್ದುದು ಅಂತಹ ಡಬ್ಬಿಯ ಮುಂದೆ!

ಚಳಿಯ ಸೀಮೆಯಲ್ಲಿರುವವರು ನಮಗೇನೆಂದು ನಿಶ್ಚಿಂತರಾಗಕೂಡದು. ಅಲ್ಲಿ ಹಿಮ ಕರಗಿಸಲು ರಸ್ತೆಗೆ ಉಪ್ಪು ಚೆಲ್ಲುವರು. ಉಪ್ಪು ಕಬ್ಬಿಣವನ್ನು ತಿನ್ನುವುದೆಂಬುದು ಉಪ್ಪಿನಕಾಯಿ ಹಾಕುವ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. 1998ರಿಂದ 2003ರವರೆಗಿನ ಫೋರ್ಡ್ ವಿಂಡ್‌ಸ್ಟಾರ್ ಬಂಡಿಗಳಲ್ಲಿ ಹಿಂದಿನ ಅಚ್ಚು ತುಕ್ಕು ಹಿಡಿದು ಮುರಿಯುವ ಭಯದಿಂದ 2010ರಲ್ಲಿ ಅವನ್ನು ಕರೆದರು. ಅದೇ ವರ್ಷ ಟೊಯೋಟ ಸಿಯೆನ್ನಾ ಬಂಡಿಗಳಲ್ಲಿ ಹೆಚ್ಚುವರಿ ಚಕ್ರವನ್ನು ತಳದಲ್ಲಿ ತೂಗಿಹಾಕಿದ ತಂತಿ ತುಕ್ಕಿನಿಂದ ಕಡಿದು, ಚಕ್ರ ರಸ್ತೆಗೆ ಬೀಳಬಹುದೆಂದು ಕಂಡುಬಂದಿತು. 2016ರಲ್ಲಿ ಮತ್ತೆ ಏಳು ಲಕ್ಷಕ್ಕೂ ಮೀರಿದ ಸಿಯೆನ್ನಾಗಳನ್ನು, ಪಕ್ಕದ ಬಾಗಿಲು ಓಡುವಾಗಲೇ ತೆರೆದುಕೊಳ್ಳಬಹುದೆಂದು ಕರೆದರು. ಆ ಬಾಗಿಲ ಪಕ್ಕದಲ್ಲಿ ಕೂರುವವರು ನಮ್ಮ ಮಕ್ಕಳೇ ಅಲ್ಲವೆ?

ಇನ್ನು ಖರ್ಚಿನ ಮಾತು. ಅಳಿಯಂದಿರು ಮೊದಲು, "ಅತ್ತೆ, ಬಿಟ್ಟಿ ಎಂದು ಕರೆದು ಬೇರೆ ಬಿಲ್ಲು ಕೊಟ್ಟಾರು," ಎಂದು ಸಂಶಯಪಟ್ಟರು. ಸಂಶಯಕ್ಕೆ ಕಾರಣವಿರಲಿಲ್ಲ. ದೋಷವನ್ನು ಯಜಮಾನರಿಗೆ ತಿಳಿಸಬೇಕೆಂದು ಆ ದೇಶದ 1966ರ ಶಾಸನವೂ, ಕಾಸಿಲ್ಲದೆ ಸರಿಪಡಿಸಿಕೊಡಬೇಕೆಂದು 1974ರ ತಿದ್ದುಪಡಿಯೂ ತಯಾರಕರನ್ನು ಕಟ್ಟಿಹಾಕಿವೆ. ಎರಡನೆಯ, ಮೂರನೆಯ ಯಜಮಾನರಿಗೂ ಈ ಹಕ್ಕುಂಟು. ಆದರೆ ಮೊದಲನೆಯ ಮಾರಾಟವಾಗಿ 15 ವರ್ಷ ಕಳೆದ ಮೇಲೆ ಹೊರಟ ಕರೆಗೆ ಶಾಸನದ ಬಲವಿಲ್ಲ. ಆಮೇಲೂ ಉಚಿತವಾಗಿ ಮಾಡಿಕೊಡುವ ತಯಾರಕರುಂಟು, ಕೇಳಿಯೇ ತಿಳಿಯಬೇಕು. 

ಮಾಡತಕ್ಕದ್ದು ಇಷ್ಟೆ. ಚಾಲಕನ ಕಡೆಯ ಮುಂದಿನ ಗಾಜಿನ ಕೆಳಮೂಲೆಯಲ್ಲಿ 17 ಅಕ್ಷರ, ಅಂಕೆಗಳ ಗುರುತಿನ ಸಂಖ್ಯೆ ಇರುವುದು. ಅದನ್ನು ಅಲ್ಲಿಯ ಹೆದ್ದಾರಿ ಸುರಕ್ಷತಾ ಇಲಾಖೆಯ ಅಂತರ್ಜಾಲ ಪುಟದಲ್ಲಿ ಕೊಟ್ಟರೆ, ಇನ್ನೂ ಸರಿಪಡಿಸದೆ ಉಳಿದ ದೋಷಗಳು ತಿಳಿಯುವುವು. ಆದರೆ ಆ ಪುಟವು 15 ವರ್ಷಕ್ಕಿಂತ ಹಳೆಯ ಕರೆಗಳನ್ನು ಸಾಮಾನ್ಯವಾಗಿ ತೋರಿಸದು. ಆದುದರಿಂದ ಅದೇ ಸಂಖ್ಯೆಯನ್ನು ಆ ತಯಾರಕರ ಅಧಿಕೃತ ಅಂಗಡಿಯಲ್ಲಿಯೂ ಕೇಳುವುದು ಒಳ್ಳೆಯದು. ವರ್ಷಕ್ಕೆ ಎರಡು ಸಲವಾದರೂ ನೋಡಬೇಕು, ಹೊಸ ಕರೆಗಳು ಬರುತ್ತಲೇ ಇರುವುವು. ಬಂಡಿಯನ್ನು ಕೊಂಡೊಡನೆ ನಿಮ್ಮ ಹೆಸರು, ವಿಳಾಸಗಳನ್ನು ತಯಾರಕರಿಗೆ ತಿಳಿಸಿದರೆ ಮುಂದಿನ ಓಲೆ ನಿಮ್ಮ ಬಾಗಿಲಿಗೇ ಬರುವುದು. ಕೆಲಸವಾದ ಮೇಲೆ ಕೊಟ್ಟ ಚೀಟಿಯನ್ನು ಬಂಡಿಯಲ್ಲಿಯೇ ಇಟ್ಟುಕೊಳ್ಳಿರಿ. ಮಾರುವ ದಿನ ಅದನ್ನು ಕೊಳ್ಳುವವರ ಕೈಗೆ ಕೊಡಿರಿ.

ನಮ್ಮ ಬಂಡಿಯ ಕೆಲಸ ಒಂದೇ ಹೊತ್ತಿನಲ್ಲಿ ಮುಗಿಯಿತು. ಒಂದು ಕಾಸೂ ಕೇಳಲಿಲ್ಲ. ಅದಾಗುವವರೆಗೆ ನಾನು ಹಿಂದೆ ಕೂಸಿನ ಪಕ್ಕದಲ್ಲಿಯೇ ಕುಳಿತೆನು. ಆ ಮುದುಕನ ಹೆಸರನ್ನು ಕೇಳಿಕೊಳ್ಳಲಿಲ್ಲವೆಂಬ ಕೊರಗು ಇಂದಿಗೂ ಇದೆ. ಅವನು ನಮಗೆ ಮಾಡಿದ ಉಪಕಾರವನ್ನು ನೀವು ನಿಮ್ಮ ಮಕ್ಕಳಿಗೆ ಮಾಡಬಹುದು. ಈ ವಾರ ಫೋನಿನಲ್ಲಿ ಮಾತನಾಡುವಾಗ, ಊಟವಾಯಿತೆ ಎಂದು ಕೇಳಿದ ಮೇಲೆ, ಬಂಡಿಯ ಸಂಖ್ಯೆಯನ್ನು ನೋಡಿಸಿದಿರಾ ಎಂದೂ ಒಂದು ಮಾತು ಕೇಳಿರಿ.