ಠಾಣೆಯ ಮೇಲೆ ಊರಿನ ಕಣ್ಣು

ಪಂದಲೂರು ತಮಿಳುನಾಡಿನ ಪಶ್ಚಿಮದ ಅಂಚಿನಲ್ಲಿರುವ ತಾಲೂಕು. ಅದರ ಗಡಿ ದಾಟಿದರೆ ಕೇರಳದ ವಯನಾಡು. ಗೂಡಲೂರು, ತೆಪ್ಪಕಾಡಿನ ದಾರಿ ಹಿಡಿದರೆ ಕರ್ನಾಟಕದ ಗುಂಡ್ಲುಪೇಟೆ. ಪಣಿಯರು, ಕಾಟ್ಟುನಾಯಕರು, ಬೆಟ್ಟಕುರುಂಬರು, ಮುಳ್ಳುಕುರುಂಬರು ಇಲ್ಲಿಯ ಮೂಲನಿವಾಸಿಗಳು. ಶ್ರೀಲಂಕಾದಿಂದ ಮರಳಿ ಬಂದು ಚಹಾತೋಟಗಳಲ್ಲಿ ದುಡಿಯುವ ತಮಿಳರು, ವಯನಾಡಿನ ಕಡೆಯಿಂದ ಬಂದು ನೆಲೆಸಿದ ಮಲಯಾಳಿಗಳು, ಕನ್ನಡ ಮಾತನಾಡುವ ಕುಟುಂಬಗಳು ಇವರ ನೆರೆಹೊರೆಯವರು. ಇಷ್ಟೆಲ್ಲ ನುಡಿಗಳ ಜನ ನ್ಯಾಯ ಬೇಡಿ ಮೊದಲು ಹೋಗಬೇಕಾದ ಸ್ಥಳ ಪೊಲೀಸ್ ಠಾಣೆ. ಅದರ ಮೆಟ್ಟಿಲು ಹತ್ತಲು ಅತ್ಯಂತ ಹೆಚ್ಚು ಅಂಜುವವರು ಅತ್ಯಂತ ಹೆಚ್ಚು ಅನ್ಯಾಯಕ್ಕೆ ಗುರಿಯಾದವರೇ ಎಂಬುದು ಬೆಟ್ಟದ ನಾಡಿನ ಹಳೆಯ ಕಥೆ.

ಈ ಅಂಜಿಕೆಯನ್ನು ಮುರಿದ ಒಂದು ದಿನ ಗೂಡಲೂರಿನ ಇತಿಹಾಸದಲ್ಲಿದೆ. 1988ರ ಡಿಸೆಂಬರ್ 5ರಂದು ಹತ್ತು ಸಾವಿರಕ್ಕೂ ಮಿಕ್ಕಿದ ಆದಿವಾಸಿಗಳು ಭೂಮಿಯ ಹಕ್ಕಿಗಾಗಿ ಪಟ್ಟಣದ ಬೀದಿಯಲ್ಲಿ ಮೆರವಣಿಗೆ ನಡೆಸಿದರು. ಸ್ಟ್ಯಾನ್ ಮತ್ತು ಮಾರಿ ತೇಕೇಕರ ದಂಪತಿ ಕಟ್ಟಿದ ಆಕಾರ್ಡ್ ಸಂಸ್ಥೆಯ ಬೆಂಬಲದೊಂದಿಗೆ, ಹಾಡಿ ಹಾಡಿಗಳಲ್ಲಿ ಸಣ್ಣ ಸಂಘಗಳಾಗಿ ಮೊಳೆತು ‘ಆದಿವಾಸಿ ಮುನ್ನೇಟ್ರ ಸಂಗಂ’ ಎಂಬ ಹೆಸರಿನಲ್ಲಿ ಒಂದಾದ ಜನ ಅವರು. ಬೇಡಿಕೆ ಭೂಮಿಯದಾದರೂ ಅಂದಿನ ಪಾಠ ಭೂಮಿಗಷ್ಟೇ ಸೀಮಿತವಾದುದಲ್ಲ. ಒಬ್ಬನೇ ಹೋದಾಗ ಗದರಿಸಿ ಕಳುಹಿಸಬಹುದಾದ ಮನುಷ್ಯನನ್ನು, ಸಂಘದ ಹತ್ತು ಮಂದಿಯೊಡನೆ ಬಂದಾಗ ಕುಳ್ಳಿರಿಸಿ ಕೇಳಲೇಬೇಕಾಗುತ್ತದೆ. ಪೊಲೀಸರನ್ನು ಉತ್ತರದಾಯಿಗಳನ್ನಾಗಿಸುವ ಕೆಲಸದ ಮೊದಲ ಮೆಟ್ಟಿಲು ಇದೇ.

ಸಂಘಟನೆ ಇಲ್ಲದಿದ್ದರೆ ಏನಾಗುತ್ತಿತ್ತು, ಇದ್ದುದರಿಂದ ಏನಾಯಿತು ಎಂಬುದಕ್ಕೆ ಧರ್ಮಪುರಿ ಜಿಲ್ಲೆಯ ವಾಚಾತ್ತಿ ಸಾಕ್ಷಿ. 1992ರ ಜೂನ್ 20ರಂದು ಗಂಧದ ಮರ ಹುಡುಕುವ ನೆಪದಲ್ಲಿ ಅರಣ್ಯ, ಪೊಲೀಸ್, ಕಂದಾಯ ಇಲಾಖೆಗಳ ಸಿಬ್ಬಂದಿ ಆ ಊರಿಗೆ ನುಗ್ಗಿ ಮನೆಗಳನ್ನು ಹಾಳುಗೆಡವಿದರು; ಹದಿನೆಂಟು ಹೆಣ್ಣುಮಕ್ಕಳ ಮೇಲೆ ಅತ್ಯಾಚಾರವೆಸಗಿದರು. ಆರೋಪಿಗಳು 269 ಮಂದಿ. 2011ರ ಸೆಪ್ಟೆಂಬರ್ 29ರಂದು ತೀರ್ಪು ಬರುವ ಹೊತ್ತಿಗೆ ಅವರಲ್ಲಿ 54 ಮಂದಿ ತೀರಿಹೋಗಿದ್ದರು. ಉಳಿದ 215 ಮಂದಿಯೂ ಅಪರಾಧಿಗಳೆಂದು ಘೋಷಿತರಾದರು. ಮದ್ರಾಸ್ ಉಚ್ಚ ನ್ಯಾಯಾಲಯ ಅದನ್ನು 2023ರಲ್ಲಿ ಎತ್ತಿಹಿಡಿಯಿತು. ಮೂವತ್ತೊಂದು ವರ್ಷ ಆ ಹೆಣ್ಣುಮಕ್ಕಳ ಬೆನ್ನಿಗೆ ನಿಂತದ್ದು ಗುಡ್ಡಗಾಡು ಜನರ ಸಂಘ. ವೀರಪ್ಪನ್ ಬೇಟೆಯ ಕಾಲದಲ್ಲಿ ಮಲೆ ಮಹದೇಶ್ವರ ಬೆಟ್ಟದ ಸುತ್ತಲಿನ ಕನ್ನಡ ಹಾಗೂ ತಮಿಳು ಹಳ್ಳಿಗಳ ಜನ ವಿಶೇಷ ಕಾರ್ಯಪಡೆಯಿಂದ ಅನುಭವಿಸಿದ ಹಿಂಸೆಯೂ ಹೀಗೆಯೇ ಬೆಳಕಿಗೆ ಬಂತು. ಮಾನವ ಹಕ್ಕುಗಳ ಆಯೋಗ ನೇಮಿಸಿದ ನ್ಯಾಯಮೂರ್ತಿ ಸದಾಶಿವ ಸಮಿತಿಯ ಮುಂದೆ ಹಳ್ಳಿಗರು ಬಂದು ಹೇಳಿಕೆ ಕೊಟ್ಟರು. 2007ರಲ್ಲಿ 89 ಮಂದಿಗೆ ಒಟ್ಟು 2.80 ಕೋಟಿ ರೂಪಾಯಿ ಪರಿಹಾರ ನೀಡಲು ಆಯೋಗ ಸೂಚಿಸಿತು.

ಇಲ್ಲಿ ಒಂದು ಭೇದವನ್ನು ಸ್ಪಷ್ಟವಾಗಿ ಅರಿಯುವುದು ಅಗತ್ಯ. ಜನ ಪೊಲೀಸರಿಗೆ ನೆರವಾಗುವುದು ಬೇರೆ, ಜನ ಪೊಲೀಸರನ್ನು ಪ್ರಶ್ನಿಸುವುದು ಬೇರೆ. 1993ರಲ್ಲಿ ರಾಮನಾಥಪುರದಲ್ಲಿ ಆರಂಭವಾದ ‘ಪೊಲೀಸ್ ಮಿತ್ರರು’ ಯೋಜನೆ ಸದುದ್ದೇಶದಿಂದಲೇ ಹುಟ್ಟಿತು. ಆದರೆ ಆ ಮಿತ್ರರನ್ನು ಆರಿಸುತ್ತಿದ್ದವರು ಠಾಣೆಯವರು. ಆ ಮಿತ್ರರು ಉತ್ತರ ಕೊಡಬೇಕಾದದ್ದೂ ಠಾಣೆಗೇ. 2020ರ ಜೂನ್‌ನಲ್ಲಿ ಸಾತ್ತಾನ್‌ಕುಳಂ ಠಾಣೆಯಲ್ಲಿ ಚಿತ್ರಹಿಂಸೆಗೊಳಗಾದ ಜಯರಾಜ್ ಮತ್ತು ಅವರ ಮಗ ಬೆನ್ನಿಕ್ಸ್ ಬಂಧನದಲ್ಲಿದ್ದಾಗಲೇ ಸಾವನ್ನಪ್ಪಿದಾಗ ಈ ಮಿತ್ರರ ಮೇಲೂ ಆರೋಪ ಬಂತು. ಮರುತಿಂಗಳು ಸರಕಾರ ಅವರ ಚಟುವಟಿಕೆಯನ್ನೇ ನಿಷೇಧಿಸಿತು. ಊರಿನವರನ್ನು ಠಾಣೆಯೇ ಆರಿಸಿಕೊಂಡರೆ ಅದು ಊರಿನ ಹಿಡಿತವೆನಿಸದು. ಠಾಣೆಯ ಕೈ ಇನ್ನಷ್ಟು ಉದ್ದವಾದಂತೆ ಅಷ್ಟೆ.

ಕಾನೂನಿನ ಸ್ಥಿತಿಯೂ ಇದಕ್ಕಿಂತ ಬಹಳ ಭಿನ್ನವಾಗಿಲ್ಲ. ಪ್ರಕಾಶ್ ಸಿಂಗ್ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯ 2006ರ ಸೆಪ್ಟೆಂಬರ್ 22ರಂದು ಪ್ರತಿ ಜಿಲ್ಲೆಯಲ್ಲೂ ನಿವೃತ್ತ ಜಿಲ್ಲಾ ನ್ಯಾಯಾಧೀಶರ ಅಧ್ಯಕ್ಷತೆಯಲ್ಲಿ ಪೊಲೀಸ್ ದೂರು ಪ್ರಾಧಿಕಾರ ಇರಬೇಕೆಂದು ವಿಧಿಸಿತು. ನೆರೆಯ ಕೇರಳ ತನ್ನ 2011ರ ಕಾನೂನಿನಲ್ಲಿ ನಿವೃತ್ತ ನ್ಯಾಯಾಧೀಶರಿಗೇ ಆ ಪೀಠ ಕೊಟ್ಟಿತು. ತಮಿಳುನಾಡಿನ 2013ರ ಕಾನೂನು ಜಿಲ್ಲೆಯಲ್ಲಿ ಕಲೆಕ್ಟರರನ್ನೂ ರಾಜ್ಯಮಟ್ಟದಲ್ಲಿ ಗೃಹ ಕಾರ್ಯದರ್ಶಿಯನ್ನೂ ಅಧ್ಯಕ್ಷರನ್ನಾಗಿಸಿತು. ಬೇಲಿಯ ಮೇಲಿನ ದೂರನ್ನು ಬೇಲಿ ಹಾಕಿದವರೇ ವಿಚಾರಿಸುವ ಏರ್ಪಾಡು ಇದು.

ದೂರದ ಷಿಕಾಗೊ ನಗರ ಹಲವು ವರ್ಷಗಳ ಜನಚಳವಳಿಯ ಬಳಿಕ 2021ರಲ್ಲಿ ಬೇರೊಂದು ದಾರಿ ಹಿಡಿಯಿತು. ಅಲ್ಲಿಯ 22 ಪೊಲೀಸ್ ವಲಯಗಳಿಗೆ ತಲಾ ಮೂವರಂತೆ 66 ಮಂದಿಯನ್ನು 2023ರಲ್ಲಿ ಜನರೇ ಮತ ಹಾಕಿ ಆರಿಸಿದರು. ಪಂದಲೂರಿಗೆ ಅದನ್ನು ಹಾಗೆಯೇ ತಂದು ನೆಡಲಾಗದು. ತೋಟದ ಮಾಲೀಕ, ಮರದ ವ್ಯಾಪಾರಿ, ಪಕ್ಷದ ಮುಖಂಡ ಇವರೇ ಗೆದ್ದು ಕುಳಿತರೆ ಊರಿನ ಹಿಡಿತವೆಂಬುದು ಬಲಿಷ್ಠರ ಹಿಡಿತವಾದೀತೆಂಬ ಆತಂಕ ನಿರಾಧಾರವಲ್ಲ. ಆದ್ದರಿಂದ ಎರಡು ಕಟ್ಟುಪಾಡುಗಳು ಬೇಕು. ಯಾರ ಮೇಲೆ ಮೊಕದ್ದಮೆ ಹೂಡಬೇಕೆಂದು ಸಮಿತಿ ಠಾಣೆಗೆ ಅಪ್ಪಣೆ ಕೊಡಕೂಡದು. ದೂರನ್ನು ಏಕೆ ದಾಖಲಿಸಲಿಲ್ಲ, ಬಂಧಿತನನ್ನು ಏಕೆ ಹೊಡೆಯಲಾಯಿತು ಎಂದು ಕೇಳುವ ಅಧಿಕಾರ ಅದಕ್ಕೆ ಇರಲಿ. ಎರಡನೆಯದು, ಠಾಣೆಗೆ ಹೆಚ್ಚು ಅಂಜುವವರಿಗೆ ಅಲ್ಲಿ ಮೊದಲ ಆಸನ ದೊರೆಯಬೇಕು.

ಹೊಸ ಕಾನೂನು ಬರುವವರೆಗೆ ಕೈಕಟ್ಟಿ ಕೂರಬೇಕಾಗಿಲ್ಲ. ಪರಿಶಿಷ್ಟರ ಮೇಲಿನ ದೌರ್ಜನ್ಯ ತಡೆ ನಿಯಮಗಳ ಪ್ರಕಾರ ಪ್ರತಿ ಜಿಲ್ಲೆಯಲ್ಲೂ ಜಾಗೃತಿ ಸಮಿತಿ ಮೂರು ತಿಂಗಳಿಗೊಮ್ಮೆಯಾದರೂ ಸೇರಬೇಕು. ಅದರಲ್ಲಿ ಪರಿಶಿಷ್ಟ ಜಾತಿ, ಪಂಗಡಗಳ ಅಧಿಕಾರೇತರ ಸದಸ್ಯರಿರಬೇಕು. ಅವರು ಯಾರು, ಸಭೆ ಎಂದು ನಡೆಯಿತು, ನಿರ್ಣಯವೇನು ಎಂದು ಮಾಹಿತಿ ಹಕ್ಕಿನಡಿ ಕೇಳಬಹುದು. ಸರ್ವೋಚ್ಚ ನ್ಯಾಯಾಲಯ 2020ರ ಡಿಸೆಂಬರ್ 2ರಂದು ಪ್ರತಿ ಠಾಣೆಯ ಲಾಕಪ್, ಪಡಸಾಲೆ, ಹೊರಬಾಗಿಲುಗಳಲ್ಲಿ ಕ್ಯಾಮರಾ ಇರಬೇಕೆಂದು, ಅವುಗಳ ಮೇಲ್ವಿಚಾರಣೆಯ ಜಿಲ್ಲಾ ಸಮಿತಿಯಲ್ಲಿ ಸ್ಥಳೀಯ ಸಂಸ್ಥೆಯ ಚುನಾಯಿತ ಮುಖ್ಯಸ್ಥರೂ ಇರಬೇಕೆಂದು ಆದೇಶಿಸಿದೆ. ಸಾತ್ತಾನ್‌ಕುಳಂ ಠಾಣೆಯಲ್ಲಿ ಕ್ಯಾಮರಾ ಇತ್ತು. ಆದರೆ ದೃಶ್ಯಗಳು ದಿನದಿನವೂ ತಾನಾಗಿ ಅಳಿಯುವಂತೆ ಅದನ್ನು ಹೊಂದಿಸಿಡಲಾಗಿತ್ತು. ಕ್ಯಾಮರಾ ಇದೆಯೇ ಎಂದಷ್ಟೇ ಕೇಳಿದರೆ ಸಾಲದು, ದೃಶ್ಯ ಎಷ್ಟು ಕಾಲ ಉಳಿಯುತ್ತದೆ ಎಂದೂ ಕೇಳಬೇಕು. ಚೇರಂಗೋಡು ಪಂಚಾಯತಿನ ಗ್ರಾಮಸಭೆಯಲ್ಲಾಗಲಿ ನೆಲ್ಲಿಯಾಳಂ ನಗರಸಭೆಯಲ್ಲಾಗಲಿ ಈ ಪ್ರಶ್ನೆ ಎತ್ತಲು ಯಾರ ಅಪ್ಪಣೆಯೂ ಬೇಡ.

ಭಾಷೆಯ ಮಾತೂ ಇದೇ ಸಾಲಿಗೆ ಸೇರಿದ್ದು. ಬಾಯಿಮಾತಿನಲ್ಲಿ ಕೊಟ್ಟ ದೂರನ್ನು ಬರೆದುಕೊಂಡ ಮೇಲೆ ದೂರುದಾರನಿಗೆ ಓದಿಹೇಳಬೇಕು, ಎಫ್.ಐ.ಆರ್. ಪ್ರತಿಯನ್ನು ಉಚಿತವಾಗಿ ಕೊಡಬೇಕು ಎಂಬುದು ಕಾನೂನು. ತಮಿಳು ತಿಳಿಯದ ಕಾಟ್ಟುನಾಯಕ ಮುದುಕನಿಗೆ ಅರ್ಥವಾಗದ ನುಡಿಯಲ್ಲಿ ಓದಿಹೇಳಿ ಹೆಬ್ಬೆಟ್ಟು ಒತ್ತಿಸಿಕೊಂಡರೆ ಅಕ್ಷರ ಉಳಿಯಿತು, ನ್ಯಾಯ ಉಳಿಯಲಿಲ್ಲ. ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಅಹವಾಲು ಸಲ್ಲಿಸುವ ಹಕ್ಕನ್ನು ಸಂವಿಧಾನದ 350ನೆಯ ವಿಧಿ ಕೊಟ್ಟಿದೆ. ಓದುಬಲ್ಲ ಒಬ್ಬ ಯುವಕನೋ ಯುವತಿಯೋ ಇಂಥವರ ಜೊತೆ ಠಾಣೆಗೆ ಹೋಗಿ, ಬರೆದದ್ದನ್ನು ಅವರ ಮಾತಿನಲ್ಲಿ ತಿಳಿಸಿ, ಪ್ರತಿಯನ್ನು ಪಡೆದು ಮರಳುವಂತೆ ಪ್ರತಿ ಊರಿನ ಸಂಘವೂ ಏರ್ಪಡಿಸಬಹುದು. ಇದಕ್ಕೆ ಹಣ ಬೇಕಿಲ್ಲ, ಆದೇಶ ಬೇಕಿಲ್ಲ. ಒಂದು ಹಗಲಿನ ಬಿಡುವು ಸಾಕು.