ಮಾವನವರ ಚೀಟಿಯ ಚೀಲ

ಗುಬ್ಬಿಯಲ್ಲಿ ನಮ್ಮ ಸೋದರಮಾವನವರ ನಡುಮನೆಯ ಗೋಡೆಯಲ್ಲಿ, ಪಂಚಾಂಗದ ಪಕ್ಕದ ಮೊಳೆಗೆ ಒಂದು ಬಟ್ಟೆಯ ಚೀಲ ತೂಗುತ್ತಿರುತ್ತದೆ. ಅವರ ದೇಹದ ಚರಿತ್ರೆಯೆಲ್ಲ ಅದರೊಳಗಿದೆ. ಊರಿನ ವೈದ್ಯರ ಔಷಧಿಚೀಟಿ, ತುಮಕೂರಿನಲ್ಲಿ ಮಾಡಿಸಿದ ಪರೀಕ್ಷೆಗಳ ವರದಿ, ಕುಣಿಗಲ್ಲಿನ ಮಗಳ ಮನೆಯಲ್ಲಿದ್ದಾಗ ಎದೆ ಹಿಡಿದಂತಾಗಿ ತೆಗೆಸಿದ ಇ.ಸಿ.ಜಿ. ಇವು ಒಂದರ ಮುಖವನ್ನೊಂದು ಕಂಡದ್ದು ಆ ಚೀಲದಲ್ಲಿಯೇ ಹೊರತು ಯಾವ ವೈದ್ಯರ ಮೇಜಿನ ಮೇಲೂ ಅಲ್ಲ.

ಕಳೆದ ಭಾನುವಾರ ಮಾವನವರು ಕೇಳಿದರು: “ರೋಗಿಯ ಕಾಗದಪತ್ರ ನೋಡಿ, ಮುಂದೆ ಬರುವ ಕಾಯಿಲೆಯನ್ನು ಯಂತ್ರವೇ ಹೇಳುತ್ತದಂತಲ್ಲಯ್ಯಾ. ನಮ್ಮ ಜೋಯಿಸರಿಗಿಂತ ಮೇಲೋ?”

ಮೇಲೆಂದೇ ಹೇಳಬೇಕು. ಜೋಯಿಸರ ಮಾತು ಎಷ್ಟು ಸಲ ತಪ್ಪಿತೆಂದು ಲೆಕ್ಕವಿಟ್ಟವರಿಲ್ಲ; ಯಂತ್ರದ ತಪ್ಪನ್ನು ಎಣಿಸಬಹುದು.

ಈ ವಿದ್ಯೆಯ ಬೇರು ಹಳೆಯದು. ಅಮೆರಿಕದ ಫ್ರೇಮಿಂಗ್‌ಹ್ಯಾಮ್ ಪಟ್ಟಣದಲ್ಲಿ ೧೯೪೮ರಲ್ಲಿ ಆರಂಭವಾದ ಅಧ್ಯಯನವೊಂದು ೫,೨೦೯ ಮಂದಿಯ ರಕ್ತದೊತ್ತಡ, ಕೊಲೆಸ್ಟರಾಲ್, ಧೂಮಪಾನದ ಅಭ್ಯಾಸ ಮೊದಲಾದುವನ್ನು ಬರೆದಿಟ್ಟು, ಯಾರಿಗೆ ಹೃದ್ರೋಗ ಬಂದಿತು, ಯಾರಿಗೆ ಬರಲಿಲ್ಲ ಎಂಬುದನ್ನು ವರ್ಷಗಟ್ಟಲೆ ಕಾದು ನೋಡಿತು. ಅಂಥದೇ ಲೆಕ್ಕವನ್ನು ಇಂದು ಯಂತ್ರವು ಲಕ್ಷಗಟ್ಟಲೆ ದಾಖಲೆಗಳಿಂದ ತಾನೇ ಕಲಿಯುತ್ತದೆ: ಇಂಥ ಲಕ್ಷಣವಿದ್ದವರಿಗೆ ಹಿಂದೆ ಹೀಗಾಯಿತು, ಆದಕಾರಣ ಇವರಿಗೂ ಆಗುವ ಸಂಭವ ಇಷ್ಟು. ಆದರೆ ಪರದೇಶದ ಲೆಕ್ಕ ನಮಗೆ ಹಾಗೆಯೇ ಹೊಂದದು. ೫೨ ದೇಶಗಳನ್ನೊಳಗೊಂಡ ಇಂಟರ್‌ಹಾರ್ಟ್ ಅಧ್ಯಯನದ ೨೦೦೭ರ ವರದಿಯಂತೆ, ದಕ್ಷಿಣ ಏಷ್ಯದವರಿಗೆ ಮೊದಲ ಹೃದಯಾಘಾತ ಉಳಿದವರಿಗಿಂತ ಐದಾರು ವರ್ಷ ಮುಂಚೆಯೇ ಒದಗುತ್ತದೆ.

ಅದಕ್ಕಿಂತಲೂ ಸೂಕ್ಷ್ಮವಾದ ತೊಡಕು ಇನ್ನೊಂದುಂಟು. ೧೯೯೦ರ ದಶಕದಲ್ಲಿ ಪಿಟ್ಸ್‌ಬರ್ಗಿನ ಸಂಶೋಧಕರು ನ್ಯುಮೋನಿಯಾ ರೋಗಿಗಳ ದಾಖಲೆಗಳನ್ನು ಯಂತ್ರಕ್ಕೆ ಒಪ್ಪಿಸಿದರು. ಯಾರನ್ನು ಆಸ್ಪತ್ರೆಯಲ್ಲಿರಿಸಬೇಕು, ಯಾರನ್ನು ಮನೆಗೆ ಕಳುಹಿಸಬಹುದು ಎಂದು ತಿಳಿಯುವುದು ಉದ್ದೇಶ. ಯಂತ್ರ ಕಲಿತ ಪಾಠ ವಿಚಿತ್ರವಾಗಿತ್ತು: ಉಬ್ಬಸವಿದ್ದವರು ನ್ಯುಮೋನಿಯಾದಿಂದ ಸಾಯುವ ಸಂಭವ ಕಡಮೆಯಂತೆ! ದಾಖಲೆಗಳೇನೂ ಸುಳ್ಳಾಡಿರಲಿಲ್ಲ. ಉಬ್ಬಸದವರಿಗೆ ನ್ಯುಮೋನಿಯಾ ಎಂದೊಡನೆ ವೈದ್ಯರು ಅವರನ್ನು ನೇರವಾಗಿ ತೀವ್ರ ನಿಗಾ ಘಟಕಕ್ಕೆ ಸೇರಿಸುತ್ತಿದ್ದರು. ಅಲ್ಲಿಯ ಆರೈಕೆಯಿಂದ ಅವರು ಬದುಕುತ್ತಿದ್ದರು. ಆರೈಕೆಯ ಪುಣ್ಯವನ್ನು ಯಂತ್ರ ಉಬ್ಬಸದ ಖಾತೆಗೆ ಜಮಾ ಮಾಡಿತ್ತು. ಅದರ ಮಾತು ನಂಬಿದ್ದರೆ, ಹೆಚ್ಚು ಅಪಾಯದಲ್ಲಿದ್ದವರನ್ನೇ ಮನೆಗೆ ಕಳುಹಿಸಿದಂತಾಗುತ್ತಿತ್ತು.

ನಮ್ಮಲ್ಲಿಯೂ ಯಂತ್ರ ಆಸ್ಪತ್ರೆಯ ಹೊಸ್ತಿಲು ದಾಟಿದೆ. ರಾಜ್ಯ ಸರ್ಕಾರ ೨೦೨೩ರಲ್ಲಿ ಆರಂಭಿಸಿದ ಪುನೀತ್ ರಾಜ್‌ಕುಮಾರ್ ಹೃದಯಜ್ಯೋತಿ ಯೋಜನೆಯಲ್ಲಿ, ತಾಲ್ಲೂಕು ಆಸ್ಪತ್ರೆಯಲ್ಲಿ ತೆಗೆದ ಇ.ಸಿ.ಜಿ.ಯನ್ನು ಕೃತಕ ಬುದ್ಧಿಮತ್ತೆಯ ನೆರವಿನಿಂದ ಕೆಲವೇ ನಿಮಿಷಗಳಲ್ಲಿ ಓದಿಸಿ, ಜಯದೇವ ಹೃದ್ರೋಗ ಸಂಸ್ಥೆಯಂಥ ದೊಡ್ಡ ಆಸ್ಪತ್ರೆಯ ತಜ್ಞರ ಸಲಹೆ ಪಡೆಯುವ ಏರ್ಪಾಡಿದೆ. ೨೦೨೧ರಲ್ಲಿ ದೇಶಕ್ಕೆಲ್ಲ ವಿಸ್ತರಿಸಿದ ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ನಿನ ೧೪ ಅಂಕಿಯ ‘ಆಭಾ’ ಸಂಖ್ಯೆಯು, ರೋಗಿ ಒಪ್ಪಿದಲ್ಲಿ, ಊರೂರಿನ ಚೀಟಿಗಳನ್ನು ಒಂದೇ ದಾರದಲ್ಲಿ ಪೋಣಿಸಬಲ್ಲದು.

ಮಾವನವರಿಗೂ ಆ ಸಂಖ್ಯೆ ಇದೆ. ಚೀಲದ ಕಾಗದಗಳು ಮಾತ್ರ ಅದರೊಳಕ್ಕೆ ಇನ್ನೂ ಹೋಗಿಲ್ಲ. ಆದ್ದರಿಂದ ನಾನೇ ಯಂತ್ರವಾಗಿ, ಚಾಪೆ ಹಾಸಿ, ಚೀಟಿಗಳನ್ನು ತಾರೀಖಿನ ಪ್ರಕಾರ ಜೋಡಿಸಿದೆ. ಮೂರು ವರ್ಷದ ಹಿಂದೆ ಗುಬ್ಬಿಯಲ್ಲಿ ರಕ್ತದೊತ್ತಡ ೧೬೪. ಮರುವರ್ಷ, ಎದೆ ಹಿಡಿದ ದಿನ, ಕುಣಿಗಲ್ಲಿನಲ್ಲಿ ೧೫೮. ಈ ವರ್ಷ ತುಮಕೂರಿನಲ್ಲಿ ೧೩೦. ಬರೆದುಕೊಟ್ಟ ಗುಳಿಗೆಯನ್ನು ತಾವು ಕೊಂಡೇ ಇಲ್ಲವೆಂದು ಮಾವನವರು ಜಂಬದಿಂದ ಹೇಳಿಕೊಂಡರು.

“ಹಾಗಾದರೆ ಒತ್ತಡ ತಾನಾಗಿಯೇ ಇಳಿದಿದೆ!” ಎಂದೆ.

ಅಡಿಗೆಮನೆಯಿಂದ ಅತ್ತೆಯವರ ದನಿ ಬಂದಿತು: “ತಾನಾಗಿ ಎಲ್ಲಿ ಇಳಿಯುತ್ತದಪ್ಪಾ? ನನ್ನ ಗುಳಿಗೆ ಪ್ರತಿ ತಿಂಗಳೂ ಹತ್ತು ದಿನ ಮುಂಚೆಯೇ ಮುಗಿಯುತ್ತಿದೆ. ಏಕೆಂದು ಈಗ ತಿಳಿಯಿತು.”

ಮಾವನವರು ಪಂಚಾಂಗದ ಕಡೆ ನೋಡಿದರು. ಕುಣಿಗಲ್ಲಿನಿಂದ ಬಂದಮೇಲೆ ಹೆದರಿಕೆಯಾಯಿತಂತೆ. ವೈದ್ಯರ ಬಳಿಗೆ ಹೋಗಲು ಸಂಕೋಚ, ಡಬ್ಬಿ ಕೈಗೆಟುಕುವಂತಿತ್ತು. ಅತ್ತೆಯವರ ಚೀಟಿಯನ್ನೂ ತರಿಸಿ ನೋಡಿದೆ. ಅವರ ಒತ್ತಡ ಏಕೋ ಇಳಿಯುತ್ತಿಲ್ಲವೆಂದು ವೈದ್ಯರು ಹೋದ ತಿಂಗಳಷ್ಟೇ ಗುಳಿಗೆಯ ಬಲವನ್ನು ಹೆಚ್ಚಿಸಿದ್ದರು.

ಒಂದು ಬಿಳಿಯ ಹಾಳೆಯಲ್ಲಿ ನಡೆದದ್ದನ್ನೆಲ್ಲ ಬರೆದು ಚೀಲದ ಮೇಲ್ಗಡೆ ಇರಿಸಿದೆ. ಸೋಮವಾರ ಬೆಳಗ್ಗೆ ಇಬ್ಬರೂ ವೈದ್ಯರಲ್ಲಿಗೆ ಹೊರಟರು. ಚೀಲ ಅತ್ತೆಯವರ ಕೈಯಲ್ಲಿತ್ತು.